ಆಂಪ್ಲಿಫೈಯರ್ ಮೂಕವಾದಾಗ: ಸುಟ್ಟ ಟ್ರಾನ್ಸಿಸ್ಟರ್ ಬದಲಿಸುವ ಮುನ್ನ



ಹೊರನಾಡಿನ ಕನ್ನಡ ಸಂಘಗಳಲ್ಲಿ ಒಂದು ಹಳೆಯ ಆಂಪ್ಲಿಫೈಯರ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಗಣೇಶೋತ್ಸವಕ್ಕೆ, ತಾಳಮದ್ದಳೆಗೆ, ರಾಜ್ಯೋತ್ಸವಕ್ಕೆ ಕಪಾಟಿನಿಂದ ಹೊರಬಂದು ಮತ್ತೆ ಒಳಗೆ ಸೇರುತ್ತದೆ. ಮುಂಬಯಿಯ ನಮ್ಮ ಬಡಾವಣೆಯ ಸಂಘದಲ್ಲೂ ಒಂದಿದೆ. ಕೆಲವು ವರ್ಷಗಳ ಹಿಂದಿನ ಮಾತು. ರಾಜ್ಯೋತ್ಸವ ಭಾನುವಾರ, ತಾಲೀಮು ಶುಕ್ರವಾರ. ಕುರ್ಚಿಯ ಕಾಲಿನಡಿ ಸಿಕ್ಕ ಸ್ಪೀಕರ್ ವಯರು ಶಾರ್ಟ್ ಆಯಿತು. 'ಟಪ್' ಎಂದೊಂದು ಸದ್ದು, ಆಮೇಲೆ ಮೌನ.

ಬಾಡಿಗೆಗೆ ತರಲು ಸಂಘದಲ್ಲಿ ದುಡ್ಡಿಲ್ಲ. ಸ್ವಲ್ಪ ಬೆಸುಗೆ ಕೆಲಸ ಬಲ್ಲ ನಾನು ಶನಿವಾರ ಬೆಳಿಗ್ಗೆ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಎರಡು ಪವರ್ ಟ್ರಾನ್ಸಿಸ್ಟರ್ ತಂದು ಹಾಕಿದೆ. ಸ್ವಿಚ್ ಒತ್ತಿದೆ. ಹತ್ತು ಸೆಕೆಂಡಿನಲ್ಲಿ ಸುಟ್ಟ ವಾಸನೆ. ಹೊಸ ಜೋಡಿಯೂ ಹೋಯಿತು!

ಸಂಜೆ ಕುಂದಾಪುರದ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆತಂದೆವು. ಅವರು ಒಳಗೆ ಇಣುಕಿ ನೋಡಿ ನಕ್ಕರು. "ಸತ್ತದ್ದನ್ನ ಬದಲಿಸಿದ್ರಿ ಮಾರಾಯ್ರೆ, ಕೊಂದದ್ದನ್ನ ಹುಡುಕಲಿಲ್ಲ ಅಲ್ದಾ?" ಎಂದರು. ಅಂದು ಅವರ ಪಕ್ಕದಲ್ಲಿ ಕುಳಿತು ಕಲಿತದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಒಳಗೆ ನಡೆಯುವುದೇನು?

ಇಂಥ ಆಂಪ್ಲಿಫೈಯರ್‌ನ ಕೊನೆಯ ಹಂತದಲ್ಲಿ ಎರಡು ಪವರ್ ಟ್ರಾನ್ಸಿಸ್ಟರ್‌ಗಳು ಮರ ಕೊಯ್ಯುವ ಗರಗಸದ ಎರಡು ತುದಿ ಹಿಡಿದವರಂತೆ ದುಡಿಯುತ್ತವೆ. ಒಂದು ಎಳೆಯುವಾಗ ಇನ್ನೊಂದು ಸಡಿಲ ಬಿಡುತ್ತದೆ. ನಮ್ಮದರಲ್ಲಿ ಇದ್ದದ್ದು 2ಎನ್3055 ಮತ್ತು ಅದರ ಜೊತೆಗಾರ ಎಂಜೆ2955. ಮೊದಲನೆಯದು ಎನ್‌ಪಿಎನ್, ಎರಡನೆಯದು ಪಿಎನ್‌ಪಿ. ಇವೆರಡಕ್ಕೂ ತಕ್ಕಷ್ಟು ವೋಲ್ಟೇಜ್ ಕೊಟ್ಟು, ಅರೆ ಎಚ್ಚರದಲ್ಲಿ ಇಡುವುದು ಮೂರ್ನಾಲ್ಕು ಪುಟ್ಟ ಬಯಾಸ್ ಡಯೋಡ್‌ಗಳ ಕೆಲಸ. ಒಂದೊಂದು ಡಯೋಡ್ ಸುಮಾರು 0.6 ವೋಲ್ಟ್ ಹಿಡಿದಿಡುತ್ತದೆ. ಅದರಲ್ಲೊಂದು ಕಡಿದುಹೋದರೆ ಆ ಕಡಿವಾಣ ತಪ್ಪುತ್ತದೆ, ಎರಡೂ ಟ್ರಾನ್ಸಿಸ್ಟರ್ ಒಟ್ಟಿಗೇ ಪೂರ್ತಿ ತೆರೆದುಕೊಳ್ಳುತ್ತವೆ. ವಿದ್ಯುತ್ತು ಸ್ಪೀಕರಿಗೆ ಹೋಗದೆ ಅವುಗಳ ಮೂಲಕವೇ ನೇರ ಹರಿದು ಸುಡುತ್ತದೆ. ನನ್ನ ಹೊಸ ಜೋಡಿಯನ್ನು ಕೊಂದದ್ದು ಅಂಥದ್ದೊಂದು 1ಎನ್4148 ಡಯೋಡ್. ಶಾರ್ಟ್ ಆದಾಗಲೇ ಅದೂ ಹೋಗಿತ್ತು, ನಾನು ನೋಡಿರಲಿಲ್ಲ. ಜೊತೆಗೆ ಫ್ಯೂಸ್ ಜಾಗದಲ್ಲಿ ಯಾರೋ ಹಿಂದೆಂದೋ ದಪ್ಪ ತಾಮ್ರದ ಎಳೆ ಸುತ್ತಿದ್ದರು.

ಮೊದಲು ಜೀವ, ಆಮೇಲೆ ಯಂತ್ರ

ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. 100 ಓಮ್, 5 ವ್ಯಾಟ್ ರೆಸಿಸ್ಟರನ್ನು ಇಕ್ಕಳದಲ್ಲಿ ಹಿಡಿದು, ಕೆಪಾಸಿಟರ್‌ನ ಎರಡು ತುದಿಗೆ ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಆಮೇಲೆ ಮೀಟರ್‌ನಲ್ಲಿ ನೋಡಿ ಖಚಿತ ಮಾಡಿಕೊಳ್ಳಿ. ಸ್ಕ್ರೂಡ್ರೈವರ್ ತಗುಲಿಸಿ ಕಿಡಿ ಹಾರಿಸುವ ಚಾಳಿ ಬೇಡ. ಸ್ಪೀಕರನ್ನೂ ಬಿಚ್ಚಿಡಿ.

ಪರೀಕ್ಷೆ ಹೇಗೆ?

ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ. ಬೋರ್ಡಿನಲ್ಲೇ ಅಳೆದರೆ ಅಕ್ಕಪಕ್ಕದ ಭಾಗಗಳು ದಾರಿ ತಪ್ಪಿಸುತ್ತವೆ. ಆದ್ದರಿಂದ ಡಯೋಡ್‌ನ ಒಂದು ಕಾಲನ್ನು ಬಿಡಿಸಿ, ಟ್ರಾನ್ಸಿಸ್ಟರನ್ನು ಪೂರ್ತಿ ಹೊರತೆಗೆದು ನೋಡಿ.

ಡಯೋಡ್ ಚೆನ್ನಾಗಿದ್ದರೆ ಒಂದು ದಿಕ್ಕಿನಲ್ಲಿ 0.5ರಿಂದ 0.7 ತೋರಿಸುತ್ತದೆ, ತಿರುಗಿಸಿದರೆ ಏನೂ ತೋರಿಸುವುದಿಲ್ಲ. ಎರಡೂ ಕಡೆ ಸೊನ್ನೆಯ ಹತ್ತಿರ ಬಂದರೆ ಶಾರ್ಟ್, ಎರಡೂ ಕಡೆ ಏನೂ ಇಲ್ಲದಿದ್ದರೆ ಕಡಿದಿದೆ ಎಂದರ್ಥ.

ಎನ್‌ಪಿಎನ್ ಟ್ರಾನ್ಸಿಸ್ಟರ್‌ನ ಬೇಸ್‌ಗೆ ಕೆಂಪು ಕಡ್ಡಿ ಇಟ್ಟು, ಕಪ್ಪನ್ನು ಎಮಿಟರ್‌ಗೂ ಕಲೆಕ್ಟರ್‌ಗೂ ಮುಟ್ಟಿಸಿದರೆ ಡಯೋಡ್‌ನಂಥದ್ದೇ ಅಂಕಿ ಬರಬೇಕು. ಪಿಎನ್‌ಪಿಗೆ ಕಡ್ಡಿಗಳನ್ನು ಅದಲುಬದಲು ಮಾಡಿ. ಕಲೆಕ್ಟರ್ ಮತ್ತು ಎಮಿಟರ್ ನಡುವೆ ಯಾವ ದಿಕ್ಕಿನಲ್ಲೂ ಏನೂ ಬರಬಾರದು. ಸುಟ್ಟ ಪವರ್ ಟ್ರಾನ್ಸಿಸ್ಟರ್ ಸಾಮಾನ್ಯವಾಗಿ ಇಲ್ಲೇ ಶಾರ್ಟ್ ಆಗಿರುತ್ತದೆ.

ಇಷ್ಟಕ್ಕೇ ನಿಲ್ಲಬೇಡಿ. ಅವುಗಳ ಹಿಂದಿನ ಚಿಕ್ಕ ಡ್ರೈವರ್ ಟ್ರಾನ್ಸಿಸ್ಟರ್‌ಗಳು, ಬಯಾಸ್ ಡಯೋಡ್‌ಗಳು, ಎಮಿಟರ್‌ನ ಬಿಳಿ ಪಿಂಗಾಣಿ ರೆಸಿಸ್ಟರ್‌ಗಳು, ಸಪ್ಲೈಯ ರೆಕ್ಟಿಫೈಯರ್ ಡಯೋಡ್‌ಗಳು, ಎಲ್ಲವನ್ನೂ ಒಂದೊಂದಾಗಿ ನೋಡಿ. ನಮ್ಮದರಲ್ಲಿ ಬಿಡಿ ಡಯೋಡ್‌ನ ಜೊತೆ ಒಂದು ಡ್ರೈವರ್ ಕೂಡ ಹೋಗಿತ್ತು.

ಕೊಳ್ಳುವಾಗ

ಚೆನ್ನೈಯಲ್ಲಿ ರಿಚಿ ಸ್ಟ್ರೀಟ್, ದೆಹಲಿಯಲ್ಲಿ ಕೆಂಪುಕೋಟೆ ಎದುರಿನ ಲಾಜಪತ್ ರಾಯ್ ಮಾರ್ಕೆಟ್, ಹೈದರಾಬಾದಿನಲ್ಲಿ ಕೋಠಿ, ಪುಣೆಯಲ್ಲಿ ಬುಧವಾರ ಪೇಟೆಯ ತಪಕೀರ್ ಗಲ್ಲಿ, ಊರಿಗೆ ಬಂದಾಗ ಬೆಂಗಳೂರಿನ ಎಸ್.ಪಿ. ರೋಡ್. ಬಿಡಿಭಾಗ ಎಲ್ಲೆಡೆ ಸಿಗುತ್ತವೆ, ನಕಲಿಯೂ ಸಿಗುತ್ತವೆ. ತೀರಾ ಅಗ್ಗವಾದದ್ದು, ಹಗುರವಾದದ್ದು, ಅಕ್ಷರ ಉಜ್ಜಿದರೆ ಅಳಿಸುವಂಥದ್ದು ಬೇಡ.

ನಂಬರು ಒಂದೇ ಇದ್ದರೆ ಒಳ್ಳೆಯದು. ಬದಲಿ ಹಾಕುವುದಾದರೆ ವೋಲ್ಟೇಜ್ ಲೆಕ್ಕ ನೋಡಿ. 18-0-18 ಟ್ರಾನ್ಸ್‌ಫಾರ್ಮರ್ ರೆಕ್ಟಿಫೈ ಆದ ಮೇಲೆ ಪ್ಲಸ್ 25, ಮೈನಸ್ 25 ವೋಲ್ಟ್ ಕೊಡುತ್ತದೆ. ಒಂದೊಂದು ಟ್ರಾನ್ಸಿಸ್ಟರ್ ಮೇಲೆ ಒಟ್ಟು 50 ವೋಲ್ಟ್‌ವರೆಗೂ ಬೀಳಬಹುದು. 2ಎನ್3055ರ ಮಿತಿ 60 ವೋಲ್ಟ್, ಆದ್ದರಿಂದ ಸರಿಹೋಗುತ್ತದೆ. ಅದನ್ನೇ ಪ್ಲಸ್-ಮೈನಸ್ 35ರ ಆಂಪ್ಲಿಫೈಯರ್‌ಗೆ ಹಾಕಿದರೆ 70 ಆಗಿ ಕೈಕೊಡುತ್ತದೆ. ರೆಕ್ಟಿಫೈಯರ್‌ನಲ್ಲೂ ಹಾಗೆಯೇ: 3 ಆಂಪಿಯರ್‌ನ 1ಎನ್5408 ಇದ್ದ ಕಡೆ 1 ಆಂಪಿಯರ್‌ನ 1ಎನ್4007 ಹಾಕಬೇಡಿ. ಎರಡು ಪವರ್ ಟ್ರಾನ್ಸಿಸ್ಟರ್‌ಗಳಲ್ಲಿ ಒಂದೇ ಸುಟ್ಟಿದ್ದರೂ ಜೋಡಿಯಾಗಿಯೇ ಬದಲಿಸಿ.

ಕೂರಿಸುವಾಗ

ಲೋಹದ ಟೋಪಿಯಂಥ ಈ ಟ್ರಾನ್ಸಿಸ್ಟರ್‌ಗಳ ಮೈಯೇ ಕಲೆಕ್ಟರ್. ಆದ್ದರಿಂದ ಹೀಟ್ ಸಿಂಕ್‌ನ ಮಧ್ಯೆ ಮೈಕಾ ಹಾಳೆ ಮತ್ತು ಸ್ಕ್ರೂಗಳಿಗೆ ಪ್ಲಾಸ್ಟಿಕ್ ಬುಷ್ ಕಡ್ಡಾಯ. ಮೈಕಾದ ಎರಡೂ ಬದಿಗೆ ಹೀಟ್ ಸಿಂಕ್ ಪೇಸ್ಟ್ ತೆಳುವಾಗಿ ಸವರಿ. ದೋಸೆಗೆ ಬೆಣ್ಣೆ ಹಚ್ಚಿದಂತೆ ಬೇಡ! ಬಿಗಿದ ಮೇಲೆ ಟ್ರಾನ್ಸಿಸ್ಟರ್ ಮೈಗೂ ಹೀಟ್ ಸಿಂಕ್‌ಗೂ ನಡುವೆ ಮೀಟರ್ ಬೀಪ್ ಎನ್ನಬಾರದು. ಡಯೋಡ್‌ನ ಪಟ್ಟೆ ಇರುವ ತುದಿ ಕ್ಯಾಥೋಡ್. ಹಳೆಯದರ ಪಟ್ಟೆ ಯಾವ ಕಡೆಗಿತ್ತೋ ಹೊಸದರದ್ದೂ ಆ ಕಡೆಗೇ ಇರಲಿ.

ಕರೆಂಟ್ ಕೊಡುವಾಗ

ಆ ಹಿರಿಯರ ಚೀಲದಲ್ಲಿದ್ದ ಅತಿ ಮುಖ್ಯ ಸಾಧನ ಒಂದು 60 ವ್ಯಾಟ್ ಬಲ್ಬು. ಆಂಪ್ಲಿಫೈಯರ್‌ಗೆ ಹೋಗುವ ಫೇಸ್ ತಂತಿಯ ದಾರಿಯಲ್ಲಿ ಅದನ್ನು ಸೀರೀಸ್‌ನಲ್ಲಿ ಜೋಡಿಸಿದರು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿದು, ಕಾಲು ಆಂಪಿಯರ್‌ಗಿಂತ ಹೆಚ್ಚೇನೂ ಹೋಗದಂತೆ ತಡೆಯುತ್ತದೆ. ಎಲ್ಲವೂ ಸರಿಯಿದ್ದರೆ ಒಮ್ಮೆ ಮಿನುಗಿ ಮಂಕಾಗುತ್ತದೆ. ಇದಕ್ಕೆ ತಂತಿ ಕಾಯುವ ಹಳೆಯ ಬಲ್ಬೇ ಬೇಕು, ಎಲ್‌ಇಡಿ ನಡೆಯದು.

ಬಲ್ಬು ಮಂಕಾದ ಮೇಲೆ ಸ್ಪೀಕರ್ ಇಲ್ಲದೆಯೇ ಔಟ್‌ಪುಟ್‌ನಲ್ಲಿ ಡಿಸಿ ಅಳೆಯಿರಿ. ಸೊನ್ನೆಯ ಹತ್ತಿರ, 50 ಮಿಲಿವೋಲ್ಟ್‌ನೊಳಗೆ ಇದ್ದರೆ ಕ್ಷೇಮ. ಹಲವು ವೋಲ್ಟ್ ಇದ್ದರೆ ಸ್ಪೀಕರ್ ಜೋಡಿಸಬೇಡಿ, ಅದರ ಕಾಯಿಲ್ ಸುಡುತ್ತದೆ. ಆಮೇಲೆ ಬಲ್ಬು ತೆಗೆದು, 0.33 ಓಮ್ ಎಮಿಟರ್ ರೆಸಿಸ್ಟರ್‌ನ ಎರಡು ತುದಿಯ ನಡುವೆ ನೋಡಿ. 10 ಮಿಲಿವೋಲ್ಟ್ ಇದ್ದರೆ ಸುಮಾರು 30 ಮಿಲಿ ಆಂಪಿಯರ್ ಹರಿಯುತ್ತಿದೆ ಎಂದು ಲೆಕ್ಕ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಅದು ಏರುತ್ತಲೇ ಹೋದರೆ ಆಫ್ ಮಾಡಿ, ಬಯಾಸ್ ಡಯೋಡ್‌ಗಳತ್ತ ಮರಳಿ.

ಶನಿವಾರ ರಾತ್ರಿ ಹನ್ನೊಂದಕ್ಕೆ ನಮ್ಮ ಬಲ್ಬು ಮಂಕಾಯಿತು. ಹಿರಿಯರು ತಾಮ್ರದ ಎಳೆಯನ್ನು ಕಿತ್ತು ಎಸೆದು, ಸರಿಯಾದ ಫ್ಯೂಸ್ ಹಾಕಿದರು. "ಇದು ಸುಟ್ಟರೆ ಇನ್ನೊಂದು ಹಾಕಿ. ಅದೂ ಸುಟ್ಟರೆ ನನಗೆ ಫೋನ್ ಮಾಡಿ, ಎಳೆ ಮಾತ್ರ ಸುತ್ತಬೇಡಿ" ಎಂದರು. ಭಾನುವಾರ ಮಕ್ಕಳು ಹಾಡಿದ ನಾಡಗೀತೆ ಹಿಂದಿನ ಸಾಲಿನವರೆಗೂ ಕೇಳಿಸಿತು. ಅವರ ಮಾತನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿದ್ದೇವೆ, ಮುಂದೆ ಬಿಚ್ಚುವವರ ಕಣ್ಣಿಗೆ ಬೀಳಲಿ ಎಂದು.