ಕೊನೆಯವನಿಗೇಕೆ ಅಷ್ಟು ಅವಸರ?

‘ಸ್ಪೇಸ್ ಇನ್ವೇಡರ್ಸ್’ ವಿಡಿಯೋ ಗೇಮ್ ಆಡಿದವರಿಗೆ ಗೊತ್ತು: ಶತ್ರುಗಳು ಕಡಿಮೆಯಾದಷ್ಟೂ ಅವರ ಓಟ ಹೆಚ್ಚುತ್ತದೆ. ಕೊನೆಯವನಂತೂ ಕೈಗೇ ಸಿಗುವುದಿಲ್ಲ!

ಇದು ಮೊದಲೇ ಯೋಚಿಸಿ ಮಾಡಿದ್ದಲ್ಲ. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ ಈ ಆಟ ರೂಪಿಸಿದಾಗ, ಅದರೊಳಗಿನ ಇಂಟೆಲ್ 8080 ಚಿಪ್‌ಗೆ 55 ಶತ್ರುಗಳನ್ನು ಒಟ್ಟಿಗೆ ಸರಿಸುವ ತ್ರಾಣವಿರಲಿಲ್ಲ. ಪರದೆಯ ಚಿತ್ರ ಸೆಕೆಂಡಿಗೆ ಸುಮಾರು 60 ಸಲ ಬದಲಾಗುತ್ತದೆ; ಒಂದೊಂದು ಸಲಕ್ಕೆ ಒಬ್ಬನೇ ಸರಿಯುತ್ತಾನೆ. 55 ಮಂದಿ ಇದ್ದರೆ ಮತ್ತೆ ಸರದಿ ಬರಲು ಹತ್ತಿರ ಹತ್ತಿರ ಒಂದು ಸೆಕೆಂಡು. ಒಬ್ಬನೇ ಉಳಿದರೆ ಪ್ರತಿ ಸಲವೂ ಅವನದೇ ಸರದಿ. ರೂಮಿನಲ್ಲಿ ಜನ ಖಾಲಿಯಾದಂತೆ ಪಾತ್ರೆ ತೊಳೆಯುವ ಪಾಳಿ ಬೇಗ ಬೇಗ ಬರುತ್ತದಲ್ಲ, ಹಾಗೆ!

ನಿಶಿಕಾಡೊ ಇದನ್ನು ಸರಿಪಡಿಸಲು ಹೋಗಲಿಲ್ಲ. ಆಟಕ್ಕೆ ರಂಗೇರಿತೆಂದು ಹಾಗೇ ಬಿಟ್ಟರು. ಜಾಣತನವಿದ್ದದ್ದು ಅಲ್ಲೇ. ಇಂದಿನ ಚಿಪ್‌ಗೆ 55 ಯಾವ ಲೆಕ್ಕ? ಈಗ ಈ ಆಟ ಬರೆಯುವವರು ಆ ವೇಗವನ್ನು ಬೇಕೆಂದೇ ಲೆಕ್ಕ ಹಾಕಿ ಸೇರಿಸಬೇಕು.