ನೀರಿಗಾಗಿ ಕಡೆದ ಕಲ್ಲು

ಹಳೇಬೀಡಿಗೆ ಬಂದವರು ಹೊಯ್ಸಳೇಶ್ವರ ಗುಡಿಯ ಗೋಡೆಯ ಮೇಲಿನ ಆನೆ, ಕುದುರೆ, ಹಂಸಗಳ ಸಾಲನ್ನು ಕಣ್ತುಂಬ ನೋಡಿ ಹೊರಡುತ್ತಾರೆ. ಗುಡಿಯ ಮಗ್ಗುಲಲ್ಲೇ ಇರುವ ದೊಡ್ಡ ಕೆರೆ ಹೆಚ್ಚಿನವರಿಗೆ ಫೋಟೊದ ಹಿನ್ನೆಲೆಯಷ್ಟೇ. ಹೊಯ್ಸಳರ ರಾಜಧಾನಿಯಾಗಿದ್ದ ಈ ಊರಿಗೆ ದೋರಸಮುದ್ರ ಎಂಬ ಹಳೆಯ ಹೆಸರು ಬಂದದ್ದು ಆ ಕೆರೆಯಿಂದ. 1121ರ ಸುಮಾರಿಗೆ ಗುಡಿಯ ಕೆಲಸ ಶುರುವಾಗುವ ಮೊದಲೇ ಅದು ಅಲ್ಲಿತ್ತು. ಗುಡಿಯಂತೆ ಆ ಕೆರೆಯೂ ಕಲೆಯೇ. ಪರಿಸರ ಕಲೆ ಎಂಬ ಹೆಸರಷ್ಟೇ ಹೊಸದು. ನೆಲ, ನೀರು, ಗಿಡಮರಗಳನ್ನೇ ಸಾಮಗ್ರಿಯಾಗಿಸಿ, ಅವುಗಳಿಗೂ ಊರಿಗೂ ಒಳಿತಾಗುವಂತೆ ರೂಪಿಸಿದ ಕೃತಿಯನ್ನು ಹಾಗೆ ಕರೆಯುವುದಾದರೆ, ಅದರ ಹಳೆಯ ಮಾದರಿಗಳು ಅರಸೀಕೆರೆ, ಬೇಲೂರು, ಹಳೇಬೀಡಿನ ಕೆರೆ–ಕಲ್ಯಾಣಿಗಳಲ್ಲಿವೆ. ಇವನ್ನು ಕಲೆಯೆಂದು ಒಪ್ಪಿಕೊಂಡರೆ, ಪರಂಪರೆಯನ್ನು ಕಾಪಾಡುವ ನಮ್ಮ ರೀತಿಯೂ ಬದಲಾಗಬೇಕಾಗುತ್ತದೆ.

ಹಳೇಬೀಡಿಗೆ ಹತ್ತಿರದ ಹುಲಿಕೆರೆಯ ಕಲ್ಯಾಣಿಯನ್ನೇ ನೋಡಿ. ಅದು 12ನೇ ಶತಮಾನದ್ದು. ನೆಲಮಟ್ಟದಿಂದ ಅಂತಸ್ತು ಅಂತಸ್ತಾಗಿ ಕಲ್ಲಿನ ಮೆಟ್ಟಿಲುಗಳು ಒಳಕ್ಕೆ ಇಳಿಯುತ್ತವೆ. ಸುತ್ತಲೂ ಪುಟ್ಟ ಪುಟ್ಟ ಗುಡಿಗಳು. ಕೆಲವಕ್ಕೆ ದೊಡ್ಡ ದೇವಾಲಯದ್ದೇ ಅಚ್ಚಿನ ಶಿಖರ. ಮಳೆಗಾಲದಲ್ಲಿ ನೀರು ಮೇಲಿನ ಮೆಟ್ಟಿಲುಗಳವರೆಗೆ ಏರುತ್ತದೆ, ಬೇಸಿಗೆಯಲ್ಲಿ ತಳ ಸೇರುತ್ತದೆ. ಎಷ್ಟು ಇಳಿದರೂ ಕೊಡ ಹಿಡಿದು ಬಂದವರ ಕಾಲಿಗೆ ಒಂದು ಮೆಟ್ಟಿಲು ಸಿಕ್ಕೇ ಸಿಗುತ್ತದೆ. ಜೊತೆಗೆ, ನೆಲದೊಳಗೆ ನೀರೆಷ್ಟಿದೆ ಎಂಬ ಲೆಕ್ಕ ಊರಿಗೆಲ್ಲ ಕಣ್ಣೆದುರೇ ಇರುತ್ತದೆ. ಕೊಳವೆಬಾವಿ ಈ ಲೆಕ್ಕವನ್ನು ಮುಚ್ಚಿಡುತ್ತದೆ. ಪಂಪು ಗಾಳಿ ಎಳೆಯುವ ದಿನದವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಬೇಲೂರಿನಲ್ಲೂ 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಪ್ರಾಕಾರದೊಳಗೆ ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನ ಕಾಲದಲ್ಲಿ ವಾಸುದೇವ ತೀರ್ಥವೆಂಬ ಕಲ್ಯಾಣಿ ಸೇರಿಕೊಂಡಿತು.

ಇದು ಎಂಜಿನಿಯರಿಂಗ್, ಕಲೆ ಹೇಗಾದೀತು ಎಂದು ಕೇಳುವವರಿದ್ದಾರೆ. ನೀರು ಹಿಡಿಯುವುದಷ್ಟೇ ಉದ್ದೇಶವಾಗಿದ್ದರೆ ಹುಲಿಕೆರೆಯಲ್ಲಿ ಒಂದೂ ಶಿಖರ ಬೇಕಿರಲಿಲ್ಲ, ಮೆಟ್ಟಿಲುಗಳಿಗೆ ಆ ಅಳತೆಯ ಅಚ್ಚುಕಟ್ಟು ಬೇಕಿರಲಿಲ್ಲ. ಒಂದು ಗುಂಡಿ, ಒಂದು ಇಳಿಜಾರು ಸಾಕಿತ್ತು. ಬಳಪದ ಕಲ್ಲಿನಲ್ಲಿ ಮದನಿಕೆಯರನ್ನು ಕಡೆದ ಕಾಲದ ಸೌಂದರ್ಯಪ್ರಜ್ಞೆಯೇ ಇಲ್ಲಿ ನೀರಿನ ಏರಿಳಿತಕ್ಕೆ ಚೌಕಟ್ಟು ಹಾಕಿದೆ. ಉಪಯೋಗಕ್ಕೆ ಬರುವುದು ಕಲೆಯಾಗಲಾರದು ಎಂಬ ನಂಬಿಕೆ ಗ್ಯಾಲರಿಗಳ ಕಾಲದ್ದು, ಅದನ್ನು ಈಗ ಗ್ಯಾಲರಿಯವರೇ ಬಿಡುತ್ತಿದ್ದಾರೆ. ಜರ್ಮನಿಯ ಕಾಸೆಲ್ ನಗರದಲ್ಲಿ ಕಲಾವಿದ ಜೋಸೆಫ್ ಬಾಯ್ಸ್ 1982ರಲ್ಲಿ ಆರಂಭಿಸಿದ ಕೃತಿಯೆಂದರೆ 7000 ಓಕ್ ಮರಗಳು, ಒಂದೊಂದರ ಪಕ್ಕಕ್ಕೆ ಒಂದೊಂದು ಬಸಾಲ್ಟ್ ಕಲ್ಲು. ಅದೇ ವರ್ಷ ಕಲಾವಿದೆ ಆಗ್ನೆಸ್ ಡೀನ್ಸ್ ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್‌ನಲ್ಲಿ ಎರಡು ಎಕರೆ ಗೋಧಿ ಬೆಳೆದರು. ಆ ಗೋಧಿ ಒಂದೇ ಬೆಳೆಗೆ ಮುಗಿಯಿತು. ಓಕ್ ಮರಗಳು ಉಳಿದಿವೆ, ಏಕೆಂದರೆ ಆ ನಗರ ಅವನ್ನು ನೋಡಿಕೊಳ್ಳುತ್ತಿದೆ.

ಪರಿಸರ ಕಲೆಯ ತಿರುಳೇ ಈ ನೋಡಿಕೊಳ್ಳುವಿಕೆ. 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫರನ ದಂಡು ದೋರಸಮುದ್ರಕ್ಕೆ ಬಂತು. ಆ ಶತಮಾನ ಮುಗಿಯುವುದರೊಳಗೆ ರಾಜ್ಯವೂ ಹೋಯಿತು, ಅರಮನೆಯೂ ಹೋಯಿತು. ಕೆರೆ ಮಾತ್ರ ಕೆಲಸ ನಿಲ್ಲಿಸಲಿಲ್ಲ. ಅರಸರಿಲ್ಲದಿದ್ದರೂ ಏರಿಗೆ ಮಣ್ಣು ಹಾಕುವ, ತೂಬು ಎತ್ತುವ, ಹೂಳು ತೆಗೆದು ಹೊಲಕ್ಕೆ ಹೊಡೆಯುವ ಜನ ಇದ್ದರು. ಕನ್ನಡದ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಗೊಡಗೆ ಎಂದು ಕೆರೆಯ ದುರಸ್ತಿಗಾಗಿಯೇ ಭೂಮಿ ಬಿಟ್ಟ ದಾಖಲೆಗಳು ಮತ್ತೆ ಮತ್ತೆ ಸಿಗುತ್ತವೆ. ಕಟ್ಟುವ ದಿನವೇ ಮುಂದಿನ ತಲೆಮಾರಿನ ದುರಸ್ತಿಗೂ ಭೂಮಿ ತೆಗೆದಿಟ್ಟಿದ್ದರು! ಇಂದಿನ ಎಷ್ಟು ಯೋಜನಾ ವರದಿಗಳಲ್ಲಿ ಇದಕ್ಕೊಂದು ಸಾಲಿದೆ?

ಹಳೆಯದನ್ನು ಹೀಗೆ ಹೊಗಳುವುದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ, ಅದನ್ನು ಪಕ್ಕಕ್ಕೆ ತಳ್ಳುವಂತಿಲ್ಲ. ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಚಾವಣರ ಹೆಸರಿದೆ. ಕೆರೆಗೆ ಮಣ್ಣು ಹೊತ್ತವರ ಹೆಸರು ಎಲ್ಲೂ ಇಲ್ಲ. ಹೊತ್ತವರಲ್ಲಿ ಎಷ್ಟೋ ಮಂದಿಯ ಮಕ್ಕಳಿಗೆ ಕಲ್ಯಾಣಿಯ ಮೆಟ್ಟಿಲಿಳಿಯುವ ಹಕ್ಕೂ ಇರಲಿಲ್ಲ. ದಲಿತರು ಕುಡಿಯುವ ನೀರನ್ನು ಮುಟ್ಟಲು 1927ರಲ್ಲಿ ಅಂಬೇಡ್ಕರ್ ಮಹಾರಾಷ್ಟ್ರದ ಮಹಾಡದಲ್ಲಿ ಸತ್ಯಾಗ್ರಹ ಮಾಡಬೇಕಾಯಿತು. ಕೆರೆ ಕಟ್ಟಲು ಸೊಸೆಯನ್ನೇ ಆಹುತಿ ಕೊಟ್ಟ ಕಥೆಯನ್ನು ನಮ್ಮ ಜನಪದರೇ ‘ಕೆರೆಗೆ ಹಾರ’ದಲ್ಲಿ ಹಾಡಿಕೊಂಡು ಬಂದಿದ್ದಾರೆ. ಆದ್ದರಿಂದ ಹಳೆಯ ವ್ಯವಸ್ಥೆಯನ್ನು ಇಡಿಯಾಗಿ ಮರಳಿ ತರುವ ಮಾತು ಸಲ್ಲದು. ಉಳಿಸಿಕೊಳ್ಳಬೇಕಾದ್ದು ಅದರ ವಿದ್ಯೆಯನ್ನು. ನೋಡಿಕೊಳ್ಳುವ ಹೊಣೆಯೂ ನೀರಿನ ಹಕ್ಕೂ ಎಲ್ಲ ಕೇರಿಗಳಿಗೆ ಸಮನಾಗಿ ಸೇರಬೇಕು.

ಇನ್ನು ನಲ್ಲಿ, ನಾಲೆಗಳು ಬಂದ ಮೇಲೆ ಇದೆಲ್ಲ ಏಕೆ ಎನ್ನುವವರು ಅರಸೀಕೆರೆಯತ್ತ ನೋಡಬೇಕು. ಊರಿನ ಹೆಸರಿನಲ್ಲೇ ಕೆರೆಯಿದೆ, 1220ರ ಚೆಲುವಾದ ಶಿವಾಲಯವಿದೆ. ಆದರೂ ಬಯಲುಸೀಮೆಯ ಈ ತಾಲ್ಲೂಕಿನ ತೆಂಗಿನ ತೋಟಗಳು ಬರ ಬಂದಾಗಲೆಲ್ಲ ಸುಳಿ ಒಣಗಿಸಿಕೊಂಡಿವೆ. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತ ಉದ್ಘಾಟನೆಯಾದ ಎತ್ತಿನಹೊಳೆ ಯೋಜನೆಯ ಫಲಾನುಭವಿಗಳಲ್ಲಿ ಅರಸೀಕೆರೆಯೂ ಇದೆ. ಯಗಚಿಯ ನೀರನ್ನು ರಣಘಟ್ಟದಿಂದ ಹಳೇಬೀಡಿನ ಕೆರೆಗೆ ತಿರುಗಿಸಬೇಕೆಂದು ಈ ಭಾಗದ ರೈತರು ವರ್ಷಗಟ್ಟಲೆ ಹೋರಾಡಿದ್ದಾರೆ. ನೀರು ಎಲ್ಲಿಂದಲೇ ಬರಲಿ, ಬಂದು ನಿಲ್ಲಬೇಕಾದ್ದು ಕೆರೆಯಲ್ಲೇ. ಹೂಳು ತುಂಬಿದ, ಕಾಲುವೆ ಒತ್ತುವರಿಯಾದ ಕೆರೆಯಲ್ಲಿ ಅದು ನಿಲ್ಲುವುದಿಲ್ಲ. ಸುತ್ತ ಟೈಲ್ಸ್ ಹಾಕಿ, ಕಾರಂಜಿ ಚಿಮ್ಮಿಸಿ, ಗೋಡೆಗೆ ಹಸಿರು ಚಿತ್ರ ಬರೆಸಿದರೆ ಅದಕ್ಕೆ ಅಭಿವೃದ್ಧಿ ಎಂಬ ಹೆಸರು ಸಿಗುತ್ತದೆ, ನೀರು ಸಿಗುವುದಿಲ್ಲ. 2023ರಲ್ಲಿ ಯುನೆಸ್ಕೊ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಇತ್ತ ಹಣವೂ ಗಮನವೂ ಹರಿದು ಬರುತ್ತಿವೆ. ಅದರಲ್ಲೊಂದು ಪಾಲು ಪ್ರತಿವರ್ಷ ಏರಿ, ತೂಬು, ಕೋಡಿಗಳ ದುರಸ್ತಿಗೆ ಮೀಸಲಾಗಲಿ. ಗೈಡ್‌ಗಳ ತರಬೇತಿಯಲ್ಲಿ ದೋರಸಮುದ್ರದ ತೂಬು, ಹುಲಿಕೆರೆಯ ಮೆಟ್ಟಿಲು ಎರಡೂ ಪಾಠವಾಗಲಿ.