ಹಾಡು ಯಾರದು, ಹೆಸರು ಯಾರದು?

ಮಾತಿಲ್ಲದ ಸಂಗೀತ ಹಚ್ಚಿಕೊಂಡರೆ ಓದು ಚೆನ್ನಾಗಿ ಸಾಗುತ್ತದೆ ಎಂದು ಸೀನಿಯರ್ ಒಬ್ಬರು ಹೇಳಿದ್ದರು. ಮೂರನೇ ಸೆಮಿಸ್ಟರ್ ಪರೀಕ್ಷೆ ಹೊತ್ತಿಗೆ ಮೈಲ್ಸ್ ಡೇವಿಸ್ ಅವರ ‘ಸ್ಕೆಚಸ್ ಆಫ್ ಸ್ಪೇನ್’ ಸಿಕ್ಕಿತು. ಅಂದು ಮ್ಯಾಥ್ಸ್ ಪುಸ್ತಕ ತೆರೆದೇ ಉಳಿಯಿತು!

1960ರಲ್ಲಿ ಬಂದ ಈ ಜಾಜ್ ಆಲ್ಬಂನಲ್ಲಿ ಡೇವಿಸ್ ಟ್ರಂಪೆಟ್ ಊದಿದ್ದಾರೆ. ಸುತ್ತಲಿನ ವಾದ್ಯಗಳನ್ನು ಹೆಣೆದವರು ಗಿಲ್ ಇವಾನ್ಸ್. ಮೊದಲ ಹದಿನಾರು ನಿಮಿಷ, ಸ್ಪೇನಿನ ಅಂಧ ಸಂಗೀತಗಾರ ರೊಡ್ರಿಗೊ 1939ರಲ್ಲಿ ಗಿಟಾರಿಗೆಂದು ಬರೆದ ಕೃತಿಯ ನಿಧಾನಗತಿಯ ಭಾಗ. ಅದು ಚೆಂದವೇ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ‘ಸಾಯೇಟಾ’. ಈಸ್ಟರ್‌ಗೆ ಮುಂಚಿನ ವಾರ ಅಲ್ಲಿ ಮೆರವಣಿಗೆ ಹೊರಡುತ್ತದೆ. ಅದು ನಿಂತಾಗ ಬಾಲ್ಕನಿಯಿಂದ ಒಬ್ಬಳು ಎದೆ ಬಿರಿಯುವಂತೆ ಹಾಡುತ್ತಾಳೆ. ಆಲ್ಬಂನಲ್ಲಿ ಬ್ಯಾಂಡು ದೂರದಿಂದ ಬರುತ್ತದೆ, ಹತ್ತಿರವಾಗುತ್ತದೆ, ನಿಲ್ಲುತ್ತದೆ. ಆಕೆಯ ಹಾಡನ್ನು ಟ್ರಂಪೆಟ್ ಹಾಡುತ್ತದೆ. ಠಾಣಾ ಕುಶನೂರ ಕಡೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊಹರಂನಲ್ಲಿ ಹಲಗಿ ನಿಂತು ಪದ ಶುರುವಾಗುವ ಗಳಿಗೆ ನೆನಪಿಸಿಕೊಳ್ಳಿ, ಸಾಕು.

ಅದೇ ಆಲ್ಬಂನ ‘ದಿ ಪ್ಯಾನ್ ಪೈಪರ್’ನ ಧಾಟಿ ಬಂದದ್ದು ಸ್ಪೇನಿನ ಗಲೀಷಿಯಾದ ಕೊಳಲಿನಿಂದ. ಹಂದಿಗಳ ಬೀಜ ಒಡೆಯುತ್ತ ಊರೂರು ತಿರುಗುವವರು ತಾವು ಬಂದದ್ದನ್ನು ಸಾರಲು ಊದುತ್ತಿದ್ದ ಕೊಳಲದು. ಆದರೆ ಕೃತಿಕಾರ ಎಂದು ಕಾಣುವ ಹೆಸರು ಇವಾನ್ಸ್ ಅವರದು. ಇವಾನ್ಸ್ ಇಲ್ಲದಿದ್ದರೆ ಆ ಕೊಳಲು ಬೀದರ್ ಜಿಲ್ಲೆಯ ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ, ಒಪ್ಪುತ್ತೇನೆ. ಆದರೂ ಊದಿದವನು ಎಲ್ಲಿ?

ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಬೆಂಗಳೂರು. ಅಮೆರಿಕದ ಚಾರ್ಲಿ ಮರಿಯಾನೊ 1963ರಲ್ಲಿ ಚಾರ್ಲ್ಸ್ ಮಿಂಗಸ್ ಅವರ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ಯಲ್ಲಿ ಸ್ಯಾಕ್ಸೊಫೋನ್ ನುಡಿಸಿದವರು. ಅದರಲ್ಲೂ ಸ್ಪೇನಿನ ಗಿಟಾರ್ ಧಾಟಿ ಇದೆ. ಮುಂದೆ ಅವರಿಗೆ ನಾಗಸ್ವರದ ಗುಂಗು ಹಿಡಿಯಿತು. ಭಾರತಕ್ಕೆ ಬಂದು ಕಲಿತರು. 1983ರಲ್ಲಿ ಟಿ.ಎ.ಎಸ್. ಮಣಿ ಅವರ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ಜೊತೆ ‘ಜ್ಯೋತಿ’ ಆಲ್ಬಂ ಮಾಡಿದರು. ಆರ್.ಎ. ರಮಾಮಣಿ ಅವರ ಗಾಯನ, ಮಣಿ ಅವರ ಮೃದಂಗ, ಜೊತೆಗೆ ಘಟ, ಖಂಜಿರ, ಬಾಯಲ್ಲೇ ತಾಳ ಕಟ್ಟುವ ಕೊನ್ನಕೋಲ್. ಇಲ್ಲಿ ಸ್ಯಾಕ್ಸೊಫೋನ್ ರಮಾಮಣಿ ಅವರ ಬದಲಿಗೆ ಹಾಡುವುದಿಲ್ಲ, ಅವರ ಪಕ್ಕದಲ್ಲಿ ಕೂರುತ್ತದೆ. ಮುಖಪುಟದಲ್ಲೂ ಮರಿಯಾನೊ ಜೊತೆಗೇ ಕಾಲೇಜಿನ ಹೆಸರು, ರಮಾಮಣಿ ಹೆಸರು. ಟ್ರಂಪೆಟ್ಟಿನ ಮೋಹ ಬಿಟ್ಟಿಲ್ಲ, ಆದರೂ ನನ್ನ ಓಟು ‘ಜ್ಯೋತಿ’ಗೆ.

ಇದೆಲ್ಲ ತಲೆಯಲ್ಲಿದ್ದಾಗಲೇ ರೂಮ್‌ಮೇಟ್ ಒಂದು ಮೊಹರಂ ಪದಕ್ಕೆ ಬೀಟ್ ಹಾಕಿ ಕೇಳಿಸಿದ. ದನಿ ಅದ್ಭುತವಾಗಿತ್ತು.

“ಯಾರ್ ಹಾಡ್ಯಾರೋ ಇದು?”

“ವಾಟ್ಸ್‌ಆ್ಯಪ್‌ನಾಗ ಬಂದಿತ್ತು, ಯಾರಿಗ್ ಗೊತ್ತು.”

ಅಪ್‌ಲೋಡ್ ಮಾಡುವುದನ್ನು ನಿಲ್ಲಿಸಿದೆ. ಕಳಿಸಿದವರನ್ನು ಕೇಳಿದೆವು, ಅವರಿಗೆ ಕಳಿಸಿದವರನ್ನು ಕೇಳಿದೆವು. ಆರು ದಿನ ಹಿಡಿಯಿತು. ಕೊನೆಗೆ ಔರಾದ್ ಕಡೆಯ ಹಳ್ಳಿಯೊಂದರ ಕಾಕಾ ಫೋನಿಗೆ ಸಿಕ್ಕರು. ಹೊಲದಲ್ಲಿದ್ದರು. ಹೆಸರು ಹಾಕಬೇಕು ಎಂದಾಗ ನಕ್ಕುಬಿಟ್ಟರು.

“ನಂದ್ಯಾಕ ತಮ್ಮಾ? ಪದ ಕಟ್ಟಿದಾಂವ ನಮ್ಮಪ್ಪ. ಅವಂದ್ ಬರಿ.”

ರೂಮ್‌ಮೇಟ್ ಫೈಲಿನ ಹೆಸರು ಬದಲಿಸಿದ್ದಾನೆ. ಈಗ ಅದರಲ್ಲಿ ಅಪ್ಪ, ಮಗ ಇಬ್ಬರ ಹೆಸರೂ ಇದೆ, ಕೊನೆಯಲ್ಲಿ ಅವನದು.